ನಲವತ್ತೊಂಬತ್ತನೆಯ ಟ್ಯೂಬ್

"ಈ ತಿಂಗಳಲ್ಲಿ ಇದು ಮೂರನೇ ಸಲ," ಎಂದ ಮೆಕ್ಯಾನಿಕ್, ಫ್ರೀಜರಿನ ಹಿಂದಿನಿಂದ ತಲೆ ಹೊರಗೆ ಹಾಕಿ. "ಮಷೀನು ಗುಂಡುಕಲ್ಲಿನ ಹಾಗಿದೆ. ಬಾಗಿಲು ಸರಿಯಾಗಿ ಮುಚ್ಚದೆ ಅಲಾರಾಂ ಹೊಡ್ಕೊಂಡಿದೆ, ಅಷ್ಟೇ. ಯಾರು ತೆರೆದಿಟ್ಟಿದ್ದು?"

"ನನಗೇನು ಗೊತ್ತು?" ಎಂದಳು ಅವಳು. ಬಾಯಿ ಸುಳ್ಳು ಹೇಳಿತು, ಕಿವಿಗೆ ಅದು ಬರಲಿಲ್ಲ, ತುದಿಯವರೆಗೂ ಕೆಂಪಾಯಿತು.

ಅವನು ಅದನ್ನು ನೋಡಿದ. ನೋಡಿದೆ ಎಂದು ಹೇಳಲಿಲ್ಲ. ಸ್ಕ್ರೂಡ್ರೈವರ್ ಒರೆಸಿ ಪೆಟ್ಟಿಗೆಗೆ ಹಾಕುವಾಗ ತುಟಿಯಂಚಿನ ನಗುವನ್ನೂ ಅದರೊಳಗೇ ಇಟ್ಟು ಮುಚ್ಚಳ ಹಾಕಿಬಿಟ್ಟ.

ಇಲ್ಲದ ದನಿಗಳು ಕೇಳಿಸುವ ಸ್ಕಿಜೋಫ್ರೇನಿಯಾ ಎಂಬ ಮನಸ್ಸಿನ ಕಾಯಿಲೆ ಕೆಲವು ಮನೆತನಗಳಲ್ಲಿ ಯಾಕೆ ಮತ್ತೆ ಮತ್ತೆ ತಲೆಯೆತ್ತುತ್ತದೆ, ಅಂಥವರ ಜೀನುಗಳಲ್ಲಿ ಏನು ವ್ಯತ್ಯಾಸವಿರುತ್ತದೆ ಎಂದು ಹುಡುಕುವ ಲ್ಯಾಬು ಅದು. ಅಲ್ಲಿ ರಕ್ತ ತೆಗೆಯುವ ಕೆಲಸ ಅವಳದು. ಸೂಜಿ ಚುಚ್ಚುವಾಗೆಲ್ಲ "ಇರುವೆ ಕಚ್ಚಿದ ಹಾಗೆ, ಅಷ್ಟೇ" ಅನ್ನುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ಅವಳು ಇರುವೆಯೇ ಆಗಿದ್ದಳು. ಆ ರಕ್ತವೆಲ್ಲ ಕೆಡದಂತೆ ಫ್ರೀಜರುಗಳನ್ನು ನೋಡಿಕೊಳ್ಳುವವನು ಅವನು.

"ಇರುವೆಯವರೇ, ನಾನು ಕೇಳಿದ್ದು ಏನಾಯ್ತು?"

ಹದಿನೈದು ದಿನದ ಹಿಂದೆ ಸುತ್ತಿಬಳಸದೆ ಕೇಳಿದ್ದ. "ನನಗೆ ಮೂವತ್ತೆಂಟು. ಅಡುಗೆ ಬರುತ್ತೆ, ಜಗಳ ಬರಲ್ಲ. ಮದುವೆ ಆಗೋಣವಾ?"

"ಗುರುವಾರ ಹೇಳ್ತೀನಿ ಅಂದೆನಲ್ಲ."

"ಗುರುವಾರಕ್ಕೇನು ಕೋಡು ಬಂದಿದೆಯಾ?" ಅನ್ನುತ್ತಲೇ ಅವನ ಕಣ್ಣು ಅವಳ ಎಡಮೊಣಕೈಯ ಒಳಮಗ್ಗುಲಿಗೆ ಹೋಯಿತು. ಅಲ್ಲಿ ನೀಲಿ ಕಲೆ ಇನ್ನೂ ಪೂರ್ತಿ ಮಾಸಿರಲಿಲ್ಲ. "ಇದೇನು? ಎಲ್ಲರಿಗೂ ನೋಯದ ಹಾಗೆ ಚುಚ್ಚೋರಿಗೆ ಇಷ್ಟು ಕೆಟ್ಟದಾಗಿ ಚುಚ್ಚಿದ್ದು ಯಾರು?"

ಅವಳು ತೋಳು ಕೆಳಗೆಳೆದುಕೊಂಡಳು. "ಇರುವೆ."

ಅವನು ನಕ್ಕ. ಪಾಪ, ಅದು ನಿಜವೆಂದು ಅವನಿಗೆ ತಿಳಿದಿರಲಿಲ್ಲ.

ಅವನು ಕೇಳಿದ ಮಾರನೆಯ ದಿನ ಊಟದ ಹೊತ್ತಿಗೆ ಲ್ಯಾಬು ಖಾಲಿಯಾದಾಗ, ರಬ್ಬರ್ ಪಟ್ಟಿಯ ಒಂದು ತುದಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿದು, ತನ್ನ ಕೈಗೆ ತಾನೇ ಚುಚ್ಚಿಕೊಂಡಿದ್ದಳು. ನಲವತ್ತೆಂಟು ಟ್ಯೂಬುಗಳು ಪರೀಕ್ಷೆಗೆ ಹೋಗಬೇಕಿದ್ದ ತಟ್ಟೆಗೆ, ಸುಳ್ಳು ಸಂಖ್ಯೆ ಅಂಟಿಸಿದ ತನ್ನ ಟ್ಯೂಬನ್ನು ನಲವತ್ತೊಂಬತ್ತನೆಯದಾಗಿ ಸೇರಿಸಿದ್ದಳು. ಕಾಯಿಲೆಯ ಅಪಾಯ ಎಷ್ಟೆಂದು ಸೂಚಿಸುವ ಅಂಕ ಗುರುವಾರ ಬರುತ್ತಿತ್ತು. ಕಡಿಮೆ ಬಂದರೆ ಹೂಂ. ಜಾಸ್ತಿ ಬಂದರೆ ಊಹೂಂ. ಅವಳ ಲೆಕ್ಕ ಇಷ್ಟೇ.

ಹೀಗೆ ಲೆಕ್ಕ ಹಾಕಲು ಕಾರಣ ಮನೆಯಲ್ಲಿತ್ತು. ಅವಳಿಗೆ ಹತ್ತೊಂಬತ್ತು ತುಂಬಿದ ವರ್ಷ ಅಣ್ಣನಿಗೆ ಇದೇ ಕಾಯಿಲೆ ಬಂತು. ಅತ್ತಿಗೆ ಎರಡು ವರ್ಷ ಹಲ್ಲುಕಚ್ಚಿ ಇದ್ದು ತವರಿಗೆ ಹೋದಳು. ಅಮ್ಮ ಸೋಪಿನ ಬಿಲ್ಲೆಯ ಹಾಗೆ ಸವೆದು ಸವೆದು ಒಂದು ದಿನ ಇಲ್ಲವಾದಳು. ಕಾಯಿಲೆ ಬಂದು ಈಗ ಹದಿನೈದು ವರ್ಷ. ಮಾತ್ರೆ ಹಿಡಿಸಿ ಅಣ್ಣ ಮಟ್ಟಸವಾಗಿಯೇ ಇದ್ದ. ಆದರೂ ದಿನಾ ಮೂರು ಗಂಟೆಗೆ ಫೋನು ಮಾಡುತ್ತಿದ್ದ.

ಅಂದೂ ಮಾಡಿದ. "ಆ ಫ್ರೀಜರಿನವರು ಬಂದಿದ್ರಾ?"

"ನಿನಗೆ ಹೇಗೆ ಗೊತ್ತಾಯ್ತಣ್ಣ?"

"ನಿನ್ನ ದನಿ ಬೇರೆಯಾಗಿದೆ. ದನಿಗಳ ವಿಷಯದಲ್ಲಿ ನನಗಿಂತ ಅನುಭವಸ್ಥರು ಯಾರಿದ್ದಾರೆ ಹೇಳು?"

ನಗು ಬಂತು. ನಕ್ಕ ಮೇಲೆ, ನಗುವುದಕ್ಕೂ ಸುಸ್ತಾಗುತ್ತದಲ್ಲ ಅನ್ನಿಸಿತು.

ಗುರುವಾರ ಬೆಳಿಗ್ಗೆ ಲ್ಯಾಬಿನ ಮುಖ್ಯಸ್ಥೆ ಒಳಗೆ ಕರೆದರು. ಎಲ್ಲರಿಗೂ ಅವರು ದೊಡ್ಡ ಮೇಡಂ. ಬಾಗಿಲು ಹಾಕಿಕೊಳ್ಳಲು ಹೇಳಿ, ತಮ್ಮ ನೀರಿನ ಲೋಟವನ್ನು ಅವಳ ಕಡೆ ಸರಿಸಿದರು. ಬೈಗುಳ ಆಮೇಲೆ ಬಂತು.

"ಒಪ್ಪಿಗೆ ಪತ್ರ ನಲವತ್ತೆಂಟು. ಟ್ಯೂಬು ನಲವತ್ತೊಂಬತ್ತು. ನನ್ನನ್ನೇನು ಕುರುಡಿ ಅಂದ್ಕೊಂಡಿದ್ದೀಯಾ?"

ಅವಳು ತಲೆ ತಗ್ಗಿಸಿದಳು.

"ಇದಕ್ಕೆ ನಿನ್ನ ಕೆಲಸವೇ ಹೋಗಬೇಕು. ಹಾಗೆ ಮಾಡಲ್ಲ, ಎಚ್ಚರಿಕೆ ಪತ್ರ ಕೊಡ್ತೀನಿ. ಆ ಟ್ಯೂಬಿನ ಫಲಿತಾಂಶ ಅಳಿಸಿ ಹಾಕಿದ್ದೀನಿ. ನಾನೂ ನೋಡಿಲ್ಲ."

"ಮೇಡಂ!" ಕೂಗಿದಂತೆಯೇ ಆಯಿತು. "ನನಗೆ ಅದು ಬೇಕಿತ್ತು."

"ತಗೊಂಡು ಏನ್ಮಾಡ್ತಿದ್ದೆ? ಇಷ್ಟು ವರ್ಷ ಇಲ್ಲೇ ಇದ್ದೀಯ. ಇದು ಒಂದು ಜೀನಿನ ಕೆಲಸವಲ್ಲ. ನೂರಾರು ಸಣ್ಣ ಸಣ್ಣ ವ್ಯತ್ಯಾಸ, ಒಂದೊಂದೂ ಸಾಸಿವೆ ಕಾಳಿನಷ್ಟು. ಅಂಕ ಜಾಸ್ತಿ ಇದ್ದೂ ಆರಾಮಾಗಿರೋರು ಬೇಕಾದಷ್ಟು ಜನ. ಕಡಿಮೆ ಇದ್ದೂ ಕಾಯಿಲೆ ಬಂದೋರಿದ್ದಾರೆ. ಸಾವಿರ ಜನರ ಬಗ್ಗೆ ಅದು ಏನೋ ಹೇಳುತ್ತೆ. ನಿನ್ನೊಬ್ಬಳ ನಾಳೆ ಅದಕ್ಕೆ ಗೊತ್ತಿಲ್ಲ."

"ಮುಂದೆ ಮಕ್ಕಳಾದ್ರೆ..."

"ಮಾಮನಿಗೆ ಈ ಕಾಯಿಲೆ ಇರೋ ನೂರು ಮಕ್ಕಳಲ್ಲಿ ತೊಂಬತ್ತಕ್ಕೂ ಹೆಚ್ಚು ಮಕ್ಕಳಿಗೆ ಅದು ಬರಲ್ಲ. ಇದು ನಿನಗೂ ಗೊತ್ತು." ಮೇಡಂ ಕನ್ನಡಕ ತೆಗೆದರು. ದನಿ ಮೆತ್ತಗಾಯಿತು. "ಆ ಮೆಕ್ಯಾನಿಕ್ ಕೇಳಿದ್ದು ಲ್ಯಾಬಿಗೆಲ್ಲ ಗೊತ್ತು. ಇಲ್ಲ ಅನ್ನೋಕೆ ನಿನಗೆ ನೆಪ ಬೇಕಿತ್ತು ಕಣಮ್ಮ. ಹೂಂ ಅನ್ನೋಕೂ ಒಂದು ನೆಪ. ನೀರು ಕುಡಿ."

ಊಟದ ಹೊತ್ತಿಗೆ ಅವಳು ಹೊರಬಂದಾಗ ಕಟ್ಟಡದ ಹಿಂದಿನ ಮೆಟ್ಟಿಲುಗಳ ಬಳಿ ಅವನು ಏರ್ ಫಿಲ್ಟರ್ ತೊಳೆಯುತ್ತಿದ್ದ. ಅವಳ ಮುಖ ನೋಡಿದವನೇ ನಲ್ಲಿ ನಿಲ್ಲಿಸಿದ. ಬಿಸಿಲಿಗೆ ಕಾದಿದ್ದ ಮೆಟ್ಟಿಲ ಮೇಲೆ ತನ್ನ ಟವೆಲು ಹಾಸಿದ.

ಅವಳು ಕೂತು ಎಲ್ಲ ಹೇಳಿದಳು. ಟ್ಯೂಬಿನ ವಿಷಯ, ಅಳಿಸಿಹೋದ ಅಂಕ, ಅಣ್ಣ, ಅಮ್ಮ, ಅತ್ತಿಗೆ. ಮುಗಿದ ಮೇಲೆ ಅವನು ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

"ಅಂದ್ರೆ ಆ ಅಂಕ ಹೂಂ ಅಂದಿದ್ರೆ ಹೂಂ, ಬೇಡ ಅಂದಿದ್ರೆ ಬೇಡ," ಎಂದ. "ಕೇಳಿದ್ದು ನಾನು. ನನ್ನನ್ನ ಒಂದು ಮಾತು ಕೇಳಬೇಕು ಅನ್ನಿಸಲಿಲ್ವಾ?"

ಅವನ ದನಿಯಲ್ಲಿ ನೋವಿತ್ತು. ಅವಳಿಗೆ ಚುರುಕ್ಕೆಂದಿತು.

"ನನಗೆ ಹುಚ್ಚು ಹಿಡಿಯುತ್ತೆ ಅನ್ನೋ ಭಯ ಅಲ್ಲ ರೀ," ಎಂದಳು ಕೊನೆಗೆ. "ಅದು ಶುರುವಾಗೋ ವಯಸ್ಸು ಹೆಚ್ಚುಕಡಿಮೆ ದಾಟಿದೆ. ನಮ್ಮತ್ತಿಗೆ ಕೆಟ್ಟವಳಲ್ಲ. ಸುಸ್ತಾಗಿ ಹೋದಳು. ನೀವೂ ಒಂದು ದಿನ ಹಾಗೇ ಸುಸ್ತಾಗಿ ಹೊರಟ್ರೆ, ಅದನ್ನ ನೋಡೋ ಶಕ್ತಿ ನನ್ನಲ್ಲಿಲ್ಲ. ಅಂಕ ಜಾಸ್ತಿ ಬರಲಿ ಅಂತಲೇ ಬೇಡ್ಕೊಂಡಿದ್ನೋ ಏನೋ."

"ಸುಸ್ತಾಗಲ್ಲ ಅಂತ ಮಾತು ಕೊಡೋಕಾಗಲ್ಲ," ಎಂದ ಅವನು. "ಈಗಲೇ ಸುಸ್ತು ನೋಡಿ, ಲಿಫ್ಟ್ ಕೆಟ್ಟು ಐದು ಮಹಡಿ ಪೆಟ್ಟಿಗೆ ಹೊತ್ತಿದ್ದೀನಿ. ಆದ್ರೆ ಸುಸ್ತಾದಾಗ ಸುಸ್ತಾಯ್ತು ಅಂತ ಬಾಯಿಬಿಟ್ಟು ಹೇಳ್ತೀನಿ. ನೀವೂ ಹೇಳಿ. ಆಗ ಇನ್ನೊಬ್ಬರು ಎದ್ದು ನೋಡ್ಕೊಂಡ್ರಾಯ್ತು. ನಿಮ್ಮಣ್ಣನ ಜೊತೆ ಸರದಿ ನಂದೂ ಇರಲಿ."

"ಅಣ್ಣ ತಲೆ ತಿಂತಾನೆ. ಫ್ರೀಜರ್ ಬಗ್ಗೆ ನೂರು ಪ್ರಶ್ನೆ ಕೇಳ್ತಾನೆ."

"ಕೇಳಲಿ. ಇಷ್ಟು ವರ್ಷದಲ್ಲಿ ಫ್ರೀಜರ್ ಬಗ್ಗೆ ನನ್ನನ್ನ ಯಾರು ತಾನೇ ಕೇಳಿದ್ದಾರೆ?"

ಅವಳು ಅವನನ್ನೇ ನೋಡಿದಳು. ಕಿವಿಯ ಹತ್ತಿರ ಎರಡು ನರೆಗೂದಲು, ಹುಬ್ಬಿನ ಮೇಲೆ ಒಂದು ಹನಿ ನೀರು.

"ನೀವಂದ್ರೆ ನನಗೆ ತುಂಬಾ ಇಷ್ಟ," ಎಂದಳು. "ಹೂಂ."

ಅವನು ಪೆಟ್ಟಿಗೆಯನ್ನು ಪಕ್ಕಕ್ಕೆ ಸರಿಸಿ ಹತ್ತಿರ ಕೂತ.

"ಊಟದ ಹೊತ್ತು ಮುಗಿಯೋಕೆ ಇನ್ನೂ ಇಪ್ಪತ್ತು ನಿಮಿಷ ಇದೆ," ಎಂದಳು ಅವಳು. "ನಾನು ಸ್ವಲ್ಪ ಕಣ್ಣು ಮುಚ್ಚಲಾ?"

"ಮುಚ್ಚಿ."

ಅವನ ಭುಜಕ್ಕೆ ತಲೆಯಿಟ್ಟಳು. ಅವಳ ಮನೆಯಲ್ಲಿ ಹದಿನೈದು ವರ್ಷದಿಂದ ಯಾರಾದರೊಬ್ಬರು ಎಚ್ಚರವಾಗಿರಲೇಬೇಕಿತ್ತು, ಮತ್ತು ಅಮ್ಮ ಹೋದ ಮೇಲೆ ಆ ಒಬ್ಬರು ಯಾವಾಗಲೂ ಅವಳೇ. ನಿಮಿಷ ಕಳೆಯುವುದರೊಳಗೆ ಉಸಿರು ನಿಧಾನವಾಯಿತು. ಬಿಸಿಲು ಅವಳ ಮುಖಕ್ಕೆ ಬಂದಾಗ ಅವನು ತೊಳೆದಿಟ್ಟಿದ್ದ ಫಿಲ್ಟರನ್ನೆತ್ತಿ ನೆರಳು ಹಿಡಿದ. ಕೈ ಸೋತಿತು. ಇನ್ನೊಂದು ಕೈಗೆ ಬದಲಾಯಿಸಿಕೊಂಡ. ಭುಜ ಮಾತ್ರ ಅಲುಗಿಸಲಿಲ್ಲ.