ಹುಳಕ್ಕೆ ಗಾಬರಿಯಾಗಬಾರದು

“ಮೂರನೇ ಸಲವೂ ತುಂಡುಗಳನ್ನೇ ತಂದರೆ ಈ ಕೆಲಸ ಬೇರೆಯವರಿಗೆ” ಎಂದು ಪ್ರಯೋಗಾಲಯದ ಮುಖ್ಯಸ್ಥರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. ಆರು ವರ್ಷ ಸಮುದ್ರದ ಹುಳಗಳ ಹಿಂದೆ ಅಲೆದ ಸಂಶೋಧಕಿಗೆ ಅದು ನುಂಗಲಾರದ ತುತ್ತಾಗಿತ್ತು. ರಿಬ್ಬನ್ ಹುಳವನ್ನು ಇಡಿಯಾಗಿ ತರುವುದೇನು ಸುಲಭವೇ? ಆಳುದ್ದ ಬೆಳೆದು, ಸೊಂಡಿಲು ಚಿಮ್ಮಿಸಿ ಬೇಟೆಯಾಡುವ ಈ ಶೂರ ಮಹಾ ಪುಕ್ಕಲು. ಗಾಬರಿಯಾದರೆ ತನ್ನನ್ನು ತಾನೇ ತುಂಡರಿಸಿಕೊಳ್ಳುತ್ತದೆ.

ಜೊತೆಗೆ ಹೊರಟವನು ಅವಳ ಅಕ್ಕನ ಗಂಡ, ದೋಣಿಯವನು. ಅವನು ಕೆಮ್ಮಿದರೆ ಆಚೆ ದಡದವರು ತಿರುಗಿ ನೋಡುತ್ತಿದ್ದರು.

“ಭಾವ, ಅಲ್ಲಿ ಮಾತು ಬೇಡವೇ ಬೇಡ.”

“ಯಾಕೆ, ಹುಳಕ್ಕೆ ಕಿವಿ ಇದ್ಯಾ?”

“ಇಲ್ಲ. ಆದ್ರೆ ನೀವು ಮಾತಾಡಿದ್ರೆ ಕೈಕಾಲೂ ಕುಣಿಯುತ್ವೆ.”

ವರ್ಷದಲ್ಲೇ ದೊಡ್ಡ ಇಳಿತ ಅಂದು. ಸಮುದ್ರ ದೂರ ಸರಿದು, ಕಣ್ಣು ಹಾಯಿಸಿದಷ್ಟೂ ಕೆಸರು ಬಯಲು ಬಿಸಿಲಿಗೆ ಮಿನುಗುತ್ತಿತ್ತು. ಇಬ್ಬರೂ ಕಳ್ಳಹೆಜ್ಜೆಯಲ್ಲಿ ನಡೆದು ಕಲ್ಲುಗಳನ್ನು ಒಂದೊಂದಾಗಿ ಎತ್ತಿದರು. ಹದಿನೇಳನೆಯ ಕಲ್ಲಿನಡಿ, ಬಿಚ್ಚಿದ ಶೂ ಲೇಸಿನಂತೆ ಹುಳ ಬಿದ್ದುಕೊಂಡಿತ್ತು!

ಭಾವ ಉಪ್ಪುನೀರಿನ ತಟ್ಟೆ ಹಿಡಿದು ನಿಂತ. ಅವಳು ಮೆತ್ತನೆಯ ಕುಂಚದಿಂದ ಹುಳವನ್ನು ನಯವಾಗಿ ಅದರೊಳಕ್ಕೆ ಜಾರಿಸತೊಡಗಿದಳು.

“ಪುಟ್ಟೀ,” ಭಾವ ಪಿಸುಗುಟ್ಟಿದ. “ನಾನು ಹೂತುಹೋಗ್ತಾ ಇದ್ದೀನಿ.”

“ಅಲ್ಲಾಡಬೇಡಿ!”

“ಅಲ್ಲಾಡ್ತಿಲ್ಲ ಕಣೇ. ಕೆಳಗೆ ಹೋಗ್ತಿದ್ದೀನಿ, ಅಷ್ಟೇ.”

ಕೆಸರು ಅವನ ತೊಡೆಗೇರಿತ್ತು. ಆಗಲೇ ನೀರೂ ಮರಳಿ ಬರುತ್ತಿತ್ತು. ಅವಳು ಕುಂಚ ನಿಲ್ಲಿಸಿ ಕೈ ಚಾಚಿದಳು.

“ಹುಳ ಹಾಳಾಗ್ಲಿ, ಕೈ ಕೊಡಿ!”

“ಇಷ್ಟು ಹೊತ್ತು ಬಾಯಿ ಮುಚ್ಕೊಂಡಿದ್ದು ಹಾಳಾಗ್ಲಿ ಅನ್ನೋಕಾ? ಸೊಂಟದವರೆಗೂ ಟೈಮಿದೆ. ಬೇಗ ಮುಗಿಸು!”

ಕೊನೆಗೂ ಬಾಲ ತಟ್ಟೆಗಿಳಿಯಿತು. ಅವಳು ತಟ್ಟೆಯನ್ನು ದೋಣಿಯಲ್ಲಿಟ್ಟು, ಹಲಗೆ ಹೊತ್ತು ಓಡಿ ಬಂದಳು. ಭಾವ ಅದನ್ನು ತಬ್ಬಿಕೊಂಡ. ಅವಳು ಎಳೆದಳು. ಮತ್ತೆ ಎಳೆದಳು. ಭಾವ ಬಂದ, ಪ್ಯಾಂಟು ಬರಲಿಲ್ಲ.

ದಾರಿಯುದ್ದಕ್ಕೂ ಅವಳು ಮತ್ತಿನ ಔಷಧಿಯನ್ನು ನೀರಿಗೆ ಹನಿಹನಿಯಾಗಿ ಬಿಡುತ್ತ ಹುಳವನ್ನು ಮಲಗಿಸಿದಳು. ಪ್ರಯೋಗಾಲಯದಲ್ಲಿ ಮುಖ್ಯಸ್ಥರು ಭೂತಗನ್ನಡಿ ಹಿಡಿದು ತಲೆಯಿಂದ ಬಾಲದವರೆಗೆ ಎರಡು ಸಲ ಪರೀಕ್ಷಿಸಿದರು.

“ಇಡಿಯಾಗಿದೆ. ಕೆಲಸ ನಿಮ್ಮದೇ.”

ಸಂತೋಷಕ್ಕೆ ಅವಳ ಕಣ್ಣು ತುಂಬಿತು. ಕೆಸರುಗೈಯಲ್ಲೇ ಒರೆಸಿಕೊಂಡಳು.

ಟವೆಲು ಸುತ್ತಿಕೊಂಡು ಬಾಗಿಲಲ್ಲಿ ನಿಂತಿದ್ದ ಭಾವ ಮೆಲ್ಲಗೆ ಕೇಳಿದ: “ಈಗ ಮಾತಾಡಬಹುದಾ?”

“ಧಾರಾಳವಾಗಿ ಮಾತಾಡಿ, ಭಾವ.”

“ಚಳೀ!”

ಹುಳ ಮಿಸುಕಲಿಲ್ಲ. ಮುಖ್ಯಸ್ಥರ ಭೂತಗನ್ನಡಿ ಮಾತ್ರ ಕೆಳಗೆ ಬಿದ್ದು ಮೂರು ತುಂಡಾಯಿತು.