ಅಮಾವಾಸ್ಯೆಯ ಅಳತೆ

ಗಂಡನ ಮಣ್ಣಾಗಿ ಹನ್ನೆರಡು ದಿನವಾಗಿತ್ತು. ನೆಂಟರೆಲ್ಲ ಹೋದ ಮೇಲಿನ ಮೊದಲ ಬೆಳಿಗ್ಗೆ, ಸುನೇತ್ರಾಳ ಮೇಜಿನ ಮೇಲೆ ನೆಲಗಿವಿ ಎಂದಿನಂತೆ ಹಸಿರು ದೀಪ ಹೊತ್ತಿಸಿತು.

ತಿಂಗಳಿಗೊಮ್ಮೆ ಬಾವಿಗೆ ಇಳಿಬಿಟ್ಟರೆ, ಬಂಡೆಯ ಬಿರುಕುಗಳಲ್ಲಿ ಹರಿಯುವ ನೀರಿನ ಸದ್ದು ಕೇಳಿ, ಊರು ಎಷ್ಟು ನೀರು ಕೊಡಬಲ್ಲದೆಂದು ಹೇಳುವ ಯಂತ್ರ ಅದು. ಅವಳೂ ಗಂಡ ವಿರೂಪಾಕ್ಷನೂ ಸೇರಿ ಮಾಡಿದ್ದು. ನಾಡಿನ ಮಾತು, ಚಿತ್ರಗಳನ್ನೆಲ್ಲ ಕೂಡಿಡುವ ಡೇಟಾ ಸೆಂಟರುಗಳ ಕಾವು ಇಳಿಸಲು ಹೇರಳ ನೀರು ಬೇಕು. ೨೦೫೮ರ ನೀತಿಯ ಪ್ರಕಾರ, ನೆಲಗಿವಿ ಹಸಿರು ತೋರಿದಲ್ಲಿ ಕಟ್ಟಲು ಊರವರನ್ನು ಕೇಳಬೇಕಾಗಿಲ್ಲ.

ಇಂದಿನ ಹಸಿರು ನೇಕಾರರ ಹಿರೇಬನ್ನೂರಿಗೆ. ಅವಳ ಸಹಿಯೊಂದೇ ಬಾಕಿ.

“ಇಂಥಾ ಹೊತ್ತಿನಾಗ ಕೇಳಬಾರದು ಮೇಡಂ,” ಎಂದರು ಫೋನಿನಲ್ಲಿ ಯೋಜನಾಧಿಕಾರಿ ನಾಡಿಗೇರ. “ಸೆಂಟರಿಗೆ ಸಾಹೇಬ್ರ ಹೆಸರೇ ಇಡ್ತೀವಿ.”

ಅವಳು ಕೂತಳು, ಎದ್ದಳು, ಫೋನಿನಲ್ಲಿ ವಿರೂಪಾಕ್ಷನ ದನಿಯಲ್ಲಿದ್ದ ಕೊನೆಯ ಸಂದೇಶ ಮತ್ತೆ ಕೇಳಿಸಿಕೊಂಡಳು. ಅವನ ಚೀಲ ತೆಗೆದರೆ ಮೊಳಕ್ಕೊಂದು ಗಂಟು ಹಾಕಿದ ಹಗ್ಗ, ಜೊತೆಗೊಂದು ಚೀಟಿ: ‘ಹಿರೇಬನ್ನೂರಿನ ಬಣ್ಣದ ಕಾಶವ್ವನದು. ಕೊಡಬೇಕು.’

ಮಧ್ಯಾಹ್ನದೊಳಗೆ ಅವಳು ಹಿರೇಬನ್ನೂರಿನಲ್ಲಿದ್ದಳು. ವಿರೂಪಾಕ್ಷನ ಹೆಂಡತಿಯೆಂದು ಹೇಳಿಕೊಂಡು ಹಗ್ಗ ತೋರಿಸಿದಳು; ನೂಲಿಗೆ ಬಣ್ಣ ಹಾಕುವ ಕಾಶವ್ವ ನೋಡಿದವಳೇ ಗುರುತು ಹಿಡಿದಳು.

“ನಾಳೆ ಕೊಡ್ತೀನಂತ ಒಯ್ದು ನಾಕು ತಿಂಗಳಾತು, ಬಂದಾಗೆಲ್ಲ ಮರ್ತು ಬರ್ತಾನ! ಎಲ್ಲಿ ನಿನ್ನ ಗಂಡ?”

“ತೀರಿಕೊಂಡ್ರು.”

ಕಾಶವ್ವ ಕೈಯ ನೀಲಿಯನ್ನು ಸೆರಗಿಗೆ ಒರೆಸಿಕೊಂಡಳು.

ಸುನೇತ್ರಾ ಸುಮ್ಮನಿರಲಾರದೆ ಹಗ್ಗವನ್ನು ಬಾವಿಗೆ ಬಿಟ್ಟಳು. ಹನ್ನೊಂದು ಗಂಟು ಇಳಿದ ಮೇಲೆ ನೀರು ಸಿಕ್ಕಿತು. ನೆಲಗಿವಿಯ ಲೆಕ್ಕದಲ್ಲಿ ನಾಲ್ಕೇ.

“ಅವರು ಅಳೆದಾಗ ನೀರು ಮ್ಯಾಲಿತ್ತಲ್ಲ?”

“ಅಂವ ಬರ್ತಿದ್ದದ್ದು ಅಮಾಸಿಗೆ. ಅವತ್ತು ಮಗ್ಗ ಸೂಟಿ, ಬಣ್ಣ ಕುದಿಸಂಗಿಲ್ಲ, ಯಾರೂ ನೀರು ಎತ್ತಂಗಿಲ್ಲ. ನಮಗೂ ಮಾತಾಡಾಕ ಹೊತ್ತು ಸಿಗ್ತಿತ್ತು.”

ಊರು ದಣಿವಾರಿಸಿಕೊಳ್ಳುವ ದಿನವನ್ನೇ ಯಂತ್ರ ಪ್ರತಿದಿನವೆಂದು ಕಲಿತಿತ್ತು. ಅವಳೇ ನಾಡಿಗೇರರಿಗೆ ಫೋನ್ ಮಾಡಿದಳು.

“ಸಹಿ ಹಾಕಂಗಿಲ್ಲ ಸರ್. ಅಳತಿ ತಪ್ಪೈತಿ.”

“ಯಾರ ತಪ್ಪು ಅಂತ ಬರೀಲಿ?”

“ನನ್ನ ಗಂಡಂದು. ನಂದೂ.”

ಫೋನ್ ಇಡುವಾಗ ಪರದೆಯ ಮೇಲೆ ವಿರೂಪಾಕ್ಷನ ಮುಖ ಕಂಡಿತು.

“ಅವನ ದನಿ ಐತೇನು ಇದರಾಗ?” ಎಂದಳು ಕಾಶವ್ವ.

“ಇದರಾಗಿಲ್ಲ ಯವ್ವಾ. ಎಲ್ಲೋ ಒಂದೂರಿನ ಸೆಂಟರಿನಾಗ ಐತಿ. ಕೇಳಿದಾಗ ಅಲ್ಲಿಂದ ಬರ್ತೈತಿ.”

“ಆ ಊರಿನ ಬಾವ್ಯಾಗ ನೀರು ಎಷ್ಟು ಗಂಟಿಗೈತಿ?”

ಸುನೇತ್ರಾ ಫೋನಿನ ಪರದೆ ಆರಿಸಿದಳು. ಬೆಳಗಿನಿಂದ ಆ ದನಿಯನ್ನು ಅವಳು ನಲವತ್ತು ಸಲ ಕೇಳಿದ್ದಳು.

ಒದ್ದೆ ಹಗ್ಗವನ್ನು ಸುತ್ತಿ ಕಾಶವ್ವನ ಕೈಗಿಟ್ಟಳು.