ಬೆಚ್ಚಗಿನ ಹೆಡ್‌ಫೋನ್

ಒಂದಾನೊಂದು ಊರಿತ್ತು; ಊರು ಕಿನ್ಶಾಸಾ, ಅಲ್ಲಿದ್ದ ಹುಡುಗಿ ನಾನೇ. ಮನೆಯವರು ಶೋಕದ ಕಪ್ಪು ಬಟ್ಟೆ ಕಳಚುವ ದಿನ, ತೀರಿಹೋದ ತಾತನ ಹಾಡನ್ನು ಅವನದೇ ಬಾಸ್ ಗಿಟಾರಿನಲ್ಲಿ ನುಡಿಸುತ್ತೇನೆಂದು ಅಜ್ಜಿಗೆ ಮಾತು ಕೊಟ್ಟಿದ್ದೆ. ಅಲ್ಲಿಯವರೆಗೆ ಅದರ ದನಿ ಹೊರಗೆ ಕೇಳಿಸಬಾರದು. ಹಾಗಾಗಿ ಹೆಡ್‌ಫೋನ್ ಹುಡುಕಿದೆ.

ಸಂತೆಗೆ ಗಿಟಾರನ್ನೂ ಒಯ್ದು, ಜೋಡಿಸಿ ನೋಡಿದ ಮೊದಲೆರಡರಲ್ಲಿ ಅದರ ದಪ್ಪ ತಂತಿಯೂ ಸೊಳ್ಳೆಯಂತೆ ಗುಂಯ್‌ಗುಟ್ಟಿತು. ಮೂರನೆಯದು ಹಳೆಯದು; ಕಿವಿ ಪೂರ್ತಿ ಮುಚ್ಚಿತು, ದನಿ ಎದೆಗೇ ತಾಗಿತು.

“ಇದೇನಣ್ಣಾ, ಈಗಷ್ಟೇ ಯಾರೋ ತೆಗೆದಿಟ್ಟಂಗೆ ಬೆಚ್ಚಗಿದೆ?”

“ಬಿಸಿಲಮ್ಮಾ! ಜೊತೆಗೆ ಫ್ಯಾನೂ ಕಟ್ಟಿಕೊಡ್ಲಾ?” ಅಂಗಡಿಯ ಮಾಪಾಸಾ ನಕ್ಕ.

ಮನೆಯಲ್ಲೂ ಅದು ದಿನವೂ ಬೆಚ್ಚಗಿರುತ್ತಿತ್ತು. ಹಾಡು ಮುಗಿಸಿ ಕೈ ತೆಗೆದರೆ, ಕಿವಿಯಲ್ಲಿ ಇನ್ನೂ ಮೂರು ಸ್ವರ ಕೇಳುತ್ತಿದ್ದವು. ಕುತೂಹಲಕ್ಕೆ ಅವನ್ನೂ ಕಲಿತೆ.

ಕಪ್ಪು ಬಟ್ಟೆ ಕಳಚಿದ ದಿನ ಅಂಗಳದಲ್ಲಿ ಹಾಡನ್ನೂ ಆ ಮೂರು ಸ್ವರವನ್ನೂ ನುಡಿಸಿದೆ. ಅಜ್ಜಿ ನನ್ನ ಕೈ ಹಿಡಿದಳು.

“ಕೊನೇ ಮೂರು ನಿನ್ನ ತಾತ ನನ್ನನ್ನ ಕರೆಯೋಕೆ ಬಾರಿಸ್ತಿದ್ದದ್ದು ಕಣೇ. ಬೇರೆ ಯಾರಿಗೂ ಗೊತ್ತಿರ್ಲಿಲ್ಲ.”

ಒಳಗೆ ಹೋಗಿ ಹೆಡ್‌ಫೋನ್ ಮುಟ್ಟಿದೆ. ತಣ್ಣಗಿತ್ತು.